ಹೋದ ವರ್ಷದ ಉತ್ತರ ಎಲ್ಲಿ ಹೋಯಿತು?

ಇವತ್ತು ಮಾತಾಡಬೇಕಾಗಿರುವುದು ನಮ್ಮ ಫೋನಿನೊಳಗಿನ ಗುಂಪುಗಳ ಬಗ್ಗೆ. ಅಲ್ಲಿ ಸಿಕ್ಕ ಉತ್ತರಗಳು ಯಾಕೆ ಮತ್ತೆ ಕೈಗೆ ಸಿಗುವುದಿಲ್ಲ ಅನ್ನುವುದರ ಬಗ್ಗೆ.

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದ ಮೇಲೆ ನಾಲ್ಕು ದಿನ ಮೋಡ ಕವಿದರೆ ಸಾಕು, ನಮ್ಮ ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಡೌನಿ ಎಂಬ ರೋಗದ ಬಗ್ಗೆ ಒಂದೇ ಪ್ರಶ್ನೆ. "ಎಲಿ ಮ್ಯಾಲೆ ಎಣ್ಣಿ ಕಲೆ ಬಿದ್ದಂಗ ಕಾಣಾಕತ್ತೈತ್ರಿ, ಡೌನಿ ಏನ್ರಿ ಇದು? ಏನ್ ಹೊಡೀಬೇಕ್ರಿ?" ಜೊತೆಗೆ ಒಂದು ಎಲೆಯ ಫೋಟೊ. ಅದರ ಕೆಳಗೆ ಸಾಲಾಗಿ ವಾಯ್ಸ್ ಮೆಸೇಜು. ಒಬ್ಬರು ಔಷಧದ ಹೆಸರು ಹೇಳುತ್ತಾರೆ, ಇನ್ನೊಬ್ಬರು ಲೀಟರಿಗೆ ಎಷ್ಟು ಗ್ರಾಂ ಅಂತ ಹೇಳುತ್ತಾರೆ, ಮೂರನೆಯವರು "ಹಂಗ ಮಾಡಬ್ಯಾಡ್ರಿ, ಹೋದ ಸಲ ನನ್ನ ತ್ವಾಟದಾಗ ಕಾಯಿ ಸುಟ್ಟಾವು" ಅಂತ ಎಚ್ಚರಿಸುತ್ತಾರೆ. ಅಪ್ಪಟ ಅನುಭವದ ಮಾತು. ಇಂಡಿ ಕಡೆಗೆ ಬಂದರೆ ಇದೇ ಕಥೆ ಲಿಂಬೆಯ ಕಜ್ಜಿ ರೋಗದ್ದು. ಮುದ್ದೇಬಿಹಾಳ, ಸಿಂದಗಿ, ಬಸವನ ಬಾಗೇವಾಡಿಯ ಶಿಕ್ಷಕರ ಗುಂಪುಗಳಲ್ಲಿ ಪರೀಕ್ಷೆ ಹತ್ತಿರ ಬಂದಾಗ ನೀಲನಕ್ಷೆ, ಮಾದರಿ ಪ್ರಶ್ನೆಪತ್ರಿಕೆ, ಯಾವುದೋ ಪ್ರಮೇಯದ ಸಾಧನೆ.

ಈ ಪ್ರಶ್ನೆಗಳಿಗೆಲ್ಲ ಹೋದ ವರ್ಷವೂ ಉತ್ತರ ಸಿಕ್ಕಿತ್ತು. ಬಹುಶಃ ಅದೇ ಗುಂಪಿನಲ್ಲಿ, ಅದೇ ಮನುಷ್ಯನಿಂದ. ಈಗ ಹುಡುಕಿದರೆ ಸಿಗುವುದಿಲ್ಲ. "ಅವಾಗ ಯಾರೋ ಬಾಳ ಚಲೋ ಹೇಳಿದ್ರಲ್ರಿ" ಅನ್ನುವಷ್ಟು ನೆನಪು ಮಾತ್ರ ಉಳಿದಿರುತ್ತದೆ.

ಮೊದಲು ಹೀಗಿರಲಿಲ್ಲ. ಅದಕ್ಕೆ ನಮ್ಮ ರಾಜ್ಯದ್ದೇ ಒಂದು ಒಳ್ಳೆಯ ಉದಾಹರಣೆ ಇದೆ. 2011ರ ಸುಮಾರಿಗೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಅಂದರೆ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆ ಶುರು ಮಾಡಿದವು. ಶಿಕ್ಷಕರು ಇದನ್ನು ಎಸ್‌ಟಿಎಫ್ ಅಂತಲೇ ಕರೆಯುವುದು. ತರಬೇತಿಗೆ ಬಂದವರು ಮೊದಲು ಮಾಡಿಕೊಂಡದ್ದು ಒಂದು ಇಮೇಲ್ ಖಾತೆ. ಅನೇಕರಿಗೆ ಅದೇ ಮೊದಲ ಇಮೇಲ್. ಆಮೇಲೆ ಗಣಿತ-ವಿಜ್ಞಾನಕ್ಕೆ ಒಂದು, ಸಮಾಜ ವಿಜ್ಞಾನಕ್ಕೆ ಒಂದು, ಹೀಗೆ ಗೂಗಲ್ ಗ್ರೂಪ್ಸ್‌ನಲ್ಲಿ ಗುಂಪುಗಳಾದವು.

ಆ ಗುಂಪು ಕೆಲಸ ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಗುಟ್ಟು ಇರುವುದು ಅಲ್ಲೇ. ಮುದ್ದೇಬಿಹಾಳದ ಒಬ್ಬ ಗಣಿತ ಶಿಕ್ಷಕರು ಒಂದು ಪ್ರಶ್ನೆ ಕಳಿಸುತ್ತಾರೆ ಅಂದುಕೊಳ್ಳಿ. ಇಮೇಲ್ ಆದ್ದರಿಂದ ಮೇಲೆ ವಿಷಯ ಅಂತ ಒಂದು ಸಾಲು ಇರುತ್ತದೆ: "ಥೇಲ್ಸ್ ಪ್ರಮೇಯ, ಚಟುವಟಿಕೆ ಬೇಕು." ಚಾಮರಾಜನಗರದ ಒಬ್ಬ ಶಿಕ್ಷಕಿ ಅದಕ್ಕೆ ಉತ್ತರ ಬರೆದರೆ ಅದು ಆ ಪ್ರಶ್ನೆಯ ಕೆಳಗೇ ಕೂರುತ್ತದೆ. ಮತ್ತೊಬ್ಬರು ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದ ಒಂದು ಕಡತ ಲಗತ್ತಿಸಿದರೆ ಅದೂ ಅಲ್ಲೇ. ಯಾರು ಬರೆದರು, ಯಾವ ದಿನ ಬರೆದರು, ಯಾವುದಕ್ಕೆ ಬರೆದರು, ಎಲ್ಲ ಒಂದೇ ಕಡೆ. ಮೂರು ವರ್ಷ ಬಿಟ್ಟು ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕ "ಥೇಲ್ಸ್" ಅಂತ ಹುಡುಕಿದರೆ ಇಡೀ ಚರ್ಚೆ ಕಣ್ಣೆದುರಿಗೆ ಬರುತ್ತದೆ. ಅವನು ಆಗ ಗುಂಪಿನಲ್ಲಿ ಇರಲೇ ಇಲ್ಲ, ಆದರೂ ಆ ಮಾತು ಅವನಿಗೂ ಸಿಕ್ಕಿತು.

ಈ ವ್ಯವಸ್ಥೆ ಕೈತಪ್ಪಿದ್ದು ಎರಡು ದಾರಿಯಲ್ಲಿ. ಒಂದು, ಗುಂಪುಗಳನ್ನು ನಡೆಸುವ ಕಂಪನಿಗಳು ಅವುಗಳ ರೂಪ ಬದಲಿಸುತ್ತ ಬಂದವು, ಕೆಲವು ಪೂರ್ತಿ ಮುಚ್ಚಿದವು. ಇನ್ನೊಂದು, ನಾವೇ ಎದ್ದು ಬೇರೆ ಕಡೆ ಹೋದೆವು.

ಮೊದಲನೆಯದು. ಯಾಹೂ ಗ್ರೂಪ್ಸ್ ನೆನಪಿದೆಯಾ? ಅಮೆರಿಕದ ಕನ್ನಡ ಕೂಟಗಳಿಂದ ಹಿಡಿದು ಬೆಂಗಳೂರಿನ ಚಾರಣದ ಗೆಳೆಯರವರೆಗೆ ಎಷ್ಟೋ ಜನ ಅಲ್ಲಿ ಸೇರುತ್ತಿದ್ದರು. 2019ರ ಅಕ್ಟೋಬರ್‌ನಲ್ಲಿ ಕಂಪನಿ ಒಂದು ಪ್ರಕಟಣೆ ಹೊರಡಿಸಿತು: ಅಕ್ಟೋಬರ್ 28ರಿಂದ ಜಾಲತಾಣಕ್ಕೆ ಹೊಸದೇನೂ ಹಾಕುವಂತಿಲ್ಲ, ಡಿಸೆಂಬರ್ 14ರಿಂದ ಹಳೆಯದೆಲ್ಲ ಅಳಿಸಲಾಗುತ್ತದೆ. ಸುಮಾರು ಇಪ್ಪತ್ತು ವರ್ಷದ ಮಾತುಕತೆಗೆ ಕೊಟ್ಟ ಗಡುವು ಎರಡು ತಿಂಗಳಿಗೂ ಕಡಿಮೆ. ಜನ ಗದ್ದಲ ಎಬ್ಬಿಸಿದ ಮೇಲೆ ತಮ್ಮ ಪ್ರತಿ ಕೇಳಿಕೊಳ್ಳಲು 2020ರ ಜನವರಿ ಕೊನೆಯವರೆಗೆ ಅವಕಾಶ ಕೊಟ್ಟರು. 2020ರ ಡಿಸೆಂಬರ್ 15ಕ್ಕೆ ಯಾಹೂ ಗ್ರೂಪ್ಸ್ ಪೂರ್ತಿ ನಿಂತುಹೋಯಿತು. ಗುಂಪು ಕಟ್ಟಿದವರು ಅಷ್ಟರಲ್ಲಿ ಬೇರೆ ಇಮೇಲ್ ಹಿಡಿದಿದ್ದರೆ ಆ ಪ್ರಕಟಣೆ ಅವರ ಕಣ್ಣಿಗೇ ಬಿದ್ದಿರುವುದಿಲ್ಲ.

ಗೂಗಲ್ ಗ್ರೂಪ್ಸ್ ಮುಚ್ಚಲಿಲ್ಲ, ಇವತ್ತಿಗೂ ಇದೆ. ಗೂಗಲ್ ಈ ಕೆಲಸ ಶುರು ಮಾಡಿದ್ದೇ ಹಳೆಯ ಸಂದೇಶಗಳನ್ನು ಉಳಿಸುವುದರಿಂದ. 2001ರ ಫೆಬ್ರವರಿಯಲ್ಲಿ ಡೇಜಾ ಎಂಬ ಕಂಪನಿಯಿಂದ ಯೂಸ್‌ನೆಟ್ ಎಂಬ ಹಳೆಯ ಚರ್ಚಾ ಜಾಲದ ಸಂಗ್ರಹ ಕೊಂಡಿತು, ಅದೇ ವರ್ಷದ ಕೊನೆಗೆ 1981ರಿಂದೀಚಿನ ಇಪ್ಪತ್ತು ವರ್ಷದ ಸಂದೇಶಗಳನ್ನು ಎಲ್ಲರೂ ಹುಡುಕುವಂತೆ ತೆರೆದಿಟ್ಟಿತು. ದೊಡ್ಡ ಕೆಲಸ ಅದು. ಆಮೇಲೆ ಒಂದೊಂದೇ ಸೌಲಭ್ಯ ಕಳಚಿತು. ಗುಂಪಿನಲ್ಲೇ ಕಡತ ಮತ್ತು ಪುಟ ಇಟ್ಟುಕೊಳ್ಳುವ ಅನುಕೂಲ 2011ರ ಆರಂಭದಲ್ಲಿ ಹೋಯಿತು. ಹೊಸ ಮುಖಪುಟ ಬಂತು, ಅದು ಹಳ್ಳಿಯ ನಿಧಾನದ ನೆಟ್‌ನಲ್ಲಿ ತೆರೆಯಲು ಒದ್ದಾಡುತ್ತಿತ್ತು. 2020ರಲ್ಲಿ ಮತ್ತೊಂದು ರೂಪ. ಪ್ರತಿ ಸಲವೂ ಸಂದೇಶದ ಕೊಂಡಿಯ ವಿನ್ಯಾಸ ಬದಲಾಯಿತು. 2024ರ ಫೆಬ್ರವರಿ 22ರಿಂದ ಯೂಸ್‌ನೆಟ್‌ಗೆ ಹೊಸದಾಗಿ ಬರೆಯುವುದೂ ನಿಂತಿತು, ಹಳೆಯದನ್ನು ನೋಡಬಹುದು ಅಷ್ಟೇ.

ನನಗೆ ಅನ್ನಿಸುವುದು ಇಷ್ಟು: ಹೊಸ ರೂಪ ಕೊಡುವವರ ಕಣ್ಣು ಇವತ್ತು ಬಂದ ಸಂದೇಶದ ಮೇಲೆ ಇರುತ್ತದೆ. ಹತ್ತು ವರ್ಷದ ಹಿಂದೆ ಬರೆದ ಉತ್ತರವನ್ನು ಇವತ್ತು ಓದುವವನೂ ತಮ್ಮ ಬಳಕೆದಾರನೇ ಅನ್ನುವುದು ಅವರ ಲೆಕ್ಕಕ್ಕೆ ಬರುವುದಿಲ್ಲ. ಇದು ತಪ್ಪು, ಮತ್ತು ಇದರ ಪೆಟ್ಟು ಹೆಚ್ಚು ಬೀಳುವುದು ದೂರದ ಊರಿನವರಿಗೆ. ಪಕ್ಕದ ಮನೆಯಲ್ಲೇ ತಜ್ಞರಿದ್ದವರು ಹೋಗಿ ಕೇಳುತ್ತಾರೆ. ತಾಳಿಕೋಟೆಯ ಆಚೆ ಒಂದು ಹಳ್ಳಿಯ ಶಾಲೆಯಲ್ಲಿ ಒಬ್ಬರೇ ವಿಜ್ಞಾನ ಕಲಿಸುವವರು ಯಾರನ್ನು ಕೇಳಬೇಕು?

ಎರಡನೆಯ ದಾರಿ ವಾಟ್ಸ್‌ಆ್ಯಪ್. ಎಲ್ಲರ ಕೈಯಲ್ಲಿ ಇದೆ, ಸುಲಭ, ತಕ್ಷಣ ಉತ್ತರ ಸಿಗುತ್ತದೆ. ಅದನ್ನು ಬೈಯುವುದರಲ್ಲಿ ಅರ್ಥವಿಲ್ಲ. ಆದರೆ ವಾಟ್ಸ್‌ಆ್ಯಪ್ ಗುಂಪಿನ ಮಾತು ಸಂತೆಯಲ್ಲಿ ಆಡಿದ ಮಾತಿನಂತೆ, ಆ ಹೊತ್ತಿಗೆ ಅಲ್ಲಿದ್ದವರು ಕೇಳಿಸಿಕೊಂಡರು, ಮುಗಿಯಿತು. ಸಂದೇಶ ತಲುಪಿದ ಮೇಲೆ ಅದು ಕಂಪನಿಯ ಸರ್ವರಿನಲ್ಲಿ ಉಳಿಯುವುದಿಲ್ಲ, ಇರುವುದು ನಿಮ್ಮ ಫೋನಿನಲ್ಲಿ. ಗುಟ್ಟು ಕಾಪಾಡಲು ಅದು ಒಳ್ಳೆಯದೇ. ಆದರೆ ಇಂಡಿಯಿಂದ ಸಿಂದಗಿಗೆ ವರ್ಗಾವಣೆಯಾಗಿ ಬಂದ ಶಿಕ್ಷಕರನ್ನು ಹೊಸ ತಾಲ್ಲೂಕಿನ ಗುಂಪಿಗೆ ಸೇರಿಸಿದರೆ ಅಲ್ಲಿನ ಹಳೆಯ ಮಾತುಕತೆ ತಾನಾಗಿ ಅವರಿಗೆ ಕಾಣುವುದಿಲ್ಲ. ಫೋನು ನೀರಿಗೆ ಬಿದ್ದು ಬ್ಯಾಕಪ್ ಇಲ್ಲದಿದ್ದರೆ ಇದ್ದದ್ದೂ ಹೋಯಿತು. ಜಾಗ ಉಳಿಸಲು ಯಾರೋ ತಾನಾಗಿ ಅಳಿಯುವ ಸಂದೇಶದ ಆಯ್ಕೆ ಒತ್ತಿದ್ದರೆ ಏಳು ದಿನಕ್ಕೋ ತೊಂಬತ್ತು ದಿನಕ್ಕೋ ಎಲ್ಲ ಮಾಯ.

ಇನ್ನು ಹುಡುಕುವ ಮಾತು. ಹುಡುಕಾಟಕ್ಕೆ ಅಕ್ಷರ ಬೇಕು. ಆ ದ್ರಾಕ್ಷಿ ಗುಂಪನ್ನೇ ನೋಡಿ: ಪ್ರಶ್ನೆ ಇರುವುದು ಫೋಟೊದಲ್ಲಿ, ಉತ್ತರ ಇರುವುದು ವಾಯ್ಸ್ ಮೆಸೇಜಿನಲ್ಲಿ. "ಡೌನಿ" ಅಂತ ಟೈಪ್ ಮಾಡಿ ಹುಡುಕಿದರೆ ಸಿಗುವುದು ಪ್ರಶ್ನೆ ಕೇಳಿದವರ ಒಂದು ಸಾಲು ಮಾತ್ರ. ಲೀಟರಿಗೆ ಎಷ್ಟು ಗ್ರಾಂ ಅನ್ನುವುದು, ಕಾಯಿ ಸುಟ್ಟ ಎಚ್ಚರಿಕೆ, ಎರಡೂ ಧ್ವನಿಯಲ್ಲೇ ಹೂತುಹೋಗಿರುತ್ತವೆ. ಪ್ರಶ್ನೆಪತ್ರಿಕೆಯ ಫೋಟೊಗೂ ಇದೇ ಗತಿ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಇಮೇಲ್ ಗುಂಪುಗಳ ಕಾಲದಲ್ಲಿ ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿ ಲಗತ್ತಿಸಿದ ಟಿಪ್ಪಣಿಗಳು ಬೇಕಾದಷ್ಟು. ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಪಾಲಿಗೆ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ. ಆ ಫಾಂಟು ಇಲ್ಲದ ಫೋನಿನಲ್ಲಿ ತೆರೆದರೆ ಓದಲಿಕ್ಕೂ ಆಗುವುದಿಲ್ಲ, ಕನ್ನಡದಲ್ಲಿ ಹುಡುಕಿದರೆ ಸಿಗುವುದೂ ಇಲ್ಲ. ಅಂದರೆ ಕಡತ ಭದ್ರವಾಗಿ ಇದ್ದರೂ ಇಲ್ಲದಂತೆಯೇ. ಅದನ್ನು ಯೂನಿಕೋಡಿಗೆ ಪರಿವರ್ತಿಸಬೇಕು.

ಚದುರಿದ್ದನ್ನು ಒಟ್ಟುಮಾಡಿ ಮತ್ತೆ ಸಿಗುವಂತೆ ಮಾಡುವ ಕೆಲಸ ಆಗುತ್ತದಾ ಅಂತ ಕೇಳುವವರಿಗೆ ನಮ್ಮ ಜಿಲ್ಲೆಯಲ್ಲೇ ಉತ್ತರ ಇದೆ. ಫ.ಗು. ಹಳಕಟ್ಟಿಯವರು 1904ರಲ್ಲಿ ವಕೀಲಿಕೆಗೆಂದು ವಿಜಯಪುರಕ್ಕೆ ಬಂದವರು. ವಚನಗಳ ಓಲೆಗರಿ ಕಟ್ಟುಗಳು ಮನೆಮನೆಯಲ್ಲಿ, ಮಠಗಳಲ್ಲಿ ಚದುರಿ ಬಿದ್ದಿದ್ದವು. ಅವನ್ನು ಹುಡುಕಿ ತಂದು, ಓದಿ, ನಕಲು ಮಾಡಿ, ಯಾರ ವಚನ ಯಾವುದು ಅಂತ ವಿಂಗಡಿಸಿದರು. 1923ರಲ್ಲಿ ವಚನಶಾಸ್ತ್ರಸಾರ ಹೊರಬಂತು, 1925ರಲ್ಲಿ ಸ್ವಂತ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ. ಮುಂದೆ 1993ರಲ್ಲಿ ರಾಜ್ಯ ಸರ್ಕಾರ 15 ಸಂಪುಟಗಳ ಸಮಗ್ರ ವಚನ ಸಂಪುಟ ತಂದಾಗ ಅದರ ಪ್ರಧಾನ ಸಂಪಾದಕರು ನಮ್ಮ ಸಿಂದಗಿ ತಾಲ್ಲೂಕಿನವರೇ ಆದ ಎಂ.ಎಂ. ಕಲಬುರ್ಗಿ. ಆಮೇಲೆ ಸ್ವಯಂಸೇವಕರು ವಚನಗಳನ್ನು ಯೂನಿಕೋಡಿಗೆ ತಂದು ವಚನ ಸಂಚಯ ಅನ್ನುವ ಜಾಲತಾಣ ಮಾಡಿದರು. 20,000ಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಅಂತ ಈಗ ಫೋನಿನಲ್ಲೇ ನೋಡಬಹುದು.

ಯೋಚನೆ ಮಾಡಿ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ 12ನೇ ಶತಮಾನದ ಮಾತು ಕ್ಷಣದಲ್ಲಿ ಸಿಗುತ್ತದೆ. ಅದೇ ಬಾಗೇವಾಡಿಯ ಶಿಕ್ಷಕರೊಬ್ಬರು ಹೋದ ಮಾರ್ಚಿನಲ್ಲಿ ಗುಂಪಿಗೆ ಬರೆದ ಒಳ್ಳೆಯ ಟಿಪ್ಪಣಿ ಸಿಗುವುದಿಲ್ಲ. ವಚನಗಳ ಹಿಂದೆ ನೂರು ವರ್ಷ ಜನ ದುಡಿದರು. ನಮ್ಮ ಟಿಪ್ಪಣಿಗೆ ಅಷ್ಟು ದುಡಿಮೆ ಬೇಡ, ತಿಂಗಳಿಗೆ ಒಂದು ಸಂಜೆ ಸಾಕು. ಏನು ಮಾಡಬೇಕು, ಹೇಳುತ್ತೇನೆ.

ನೀವು ಎಸ್‌ಟಿಎಫ್ ಕಾಲದ ಶಿಕ್ಷಕರಾಗಿದ್ದು, ಗುಂಪಿನ ಸಂದೇಶಗಳು ಇಮೇಲಿಗೆ ಬರುವ ಹಾಗೆ ಇಟ್ಟುಕೊಂಡಿದ್ದರೆ, ಮೊದಲು ನಿಮ್ಮ ಹಳೆಯ ಜಿಮೇಲ್ ತೆರೆಯಿರಿ. ಅಳಿಸಿರದಿದ್ದರೆ ಆ ಚರ್ಚೆಗಳು ನಿಮ್ಮ ಅಂಚೆಪೆಟ್ಟಿಗೆಯಲ್ಲೇ ಇರುತ್ತವೆ, ಅಲ್ಲೇ ಹುಡುಕಬಹುದು. ತಡ ಮಾಡಬೇಡಿ: ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ನಿವೃತ್ತರಾದ ಹಿರಿಯ ಶಿಕ್ಷಕರಿಗೆ ಇದನ್ನು ದಯವಿಟ್ಟು ತಿಳಿಸಿ. ಗೂಗಲ್ ಗ್ರೂಪಿನ ಮಾಲೀಕರು ನೀವೇ ಆಗಿದ್ದರೆ ಗೂಗಲ್ ಟೇಕ್‌ಔಟ್ ಮೂಲಕ ಇಡೀ ಗುಂಪಿನ ಸಂದೇಶಗಳ ಪ್ರತಿ ಇಳಿಸಿಕೊಳ್ಳಬಹುದು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಕ್ಸ್‌ಪೋರ್ಟ್ ಚಾಟ್ ಅಂತ ಇದೆ. ಫೋಟೊ, ವಿಡಿಯೊ ಬಿಟ್ಟು ಬರೀ ಅಕ್ಷರ ತೆಗೆದರೆ ಹೆಚ್ಚು ಸಂದೇಶಗಳು ಬರುತ್ತವೆ. ಅಡ್ವಾನ್ಸ್ಡ್ ಚಾಟ್ ಪ್ರೈವಸಿ ಅನ್ನುವ ಆಯ್ಕೆ ಆನ್ ಆಗಿದ್ದರೆ ಇದು ಆಗುವುದಿಲ್ಲ, ಅಡ್ಮಿನ್ ಜೊತೆ ಮಾತಾಡಿ. ಗುಂಪಿನವರ ಒಪ್ಪಿಗೆ ಕೇಳಿ, ಫೋನ್ ನಂಬರು ತೆಗೆದುಹಾಕಿ, ಆಮೇಲೆ ಮಾತ್ರ ಬೇರೆಯವರಿಗೆ ಕೊಡಿ.

ಎಲ್ಲಕ್ಕಿಂತ ಉಪಯೋಗದ ಕೆಲಸವನ್ನು ಎಸ್‌ಟಿಎಫ್‌ನವರೇ ತೋರಿಸಿದ್ದಾರೆ. ಅವರು ಗುಂಪಿನ ಜೊತೆಗೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಅನ್ನುವ ವಿಕಿಯನ್ನೂ ಕಟ್ಟಿದರು. ವಿಷಯವಾರು, ಪಾಠವಾರು ಪುಟಗಳು, ಯಾರು ಬೇಕಾದರೂ ಓದುವಂಥವು. ಗುಂಪಿನಲ್ಲಿ ಮಾತಾಡುವುದು ಬೇರೆ, ಮಾತಿನಲ್ಲಿ ಗಟ್ಟಿಯಾದದ್ದನ್ನು ಬರೆದಿಡುವುದು ಬೇರೆ. ದ್ರಾಕ್ಷಿ, ಲಿಂಬೆಯ ಗುಂಪಿನವರೂ ಇದನ್ನೇ ಮಾಡಬಹುದು. ಒಳ್ಳೆಯ ವಾಯ್ಸ್ ಮೆಸೇಜು ಬಂದ ದಿನ ಒಬ್ಬರು ಕೂತು ಅದನ್ನು ಐದು ಸಾಲು ಯೂನಿಕೋಡ್ ಕನ್ನಡದಲ್ಲಿ ಬರೆದು ಒಂದು ಹಂಚಿಕೆಯ ಕಡತಕ್ಕೆ ಸೇರಿಸಲಿ: ಯಾವ ರೋಗ, ಯಾವ ತಿಂಗಳು, ಏನು ಹೊಡೆದರು, ಎಷ್ಟು, ಏನಾಯಿತು. ಔಷಧದ ಪ್ರಮಾಣವನ್ನು ಕೃಷಿ ವಿಜ್ಞಾನ ಕೇಂದ್ರದವರಿಗೆ ಒಮ್ಮೆ ತೋರಿಸಿದರೆ ಇನ್ನೂ ಒಳ್ಳೆಯದು. ಆ ಕಡತದ ಕೊಂಡಿಯನ್ನು ಗುಂಪಿನ ವಿವರಣೆಯಲ್ಲಿ ಹಾಕಿ, ಹೊಸದಾಗಿ ಸೇರಿದವರಿಗೂ ಕಾಣುತ್ತದೆ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೂ ಇರಲಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಇದನ್ನು ಕೇಳುತ್ತಿರುವವರಿಗೆ ನನ್ನ ವಿನಂತಿ ಇಷ್ಟೇ: ನಿಮ್ಮ ಗುಂಪಿನ ಅಡ್ಮಿನ್‌ಗೆ ಇವತ್ತೇ ಫೋನ್ ಮಾಡಿ, ಆ ಕಡತ ಬರೆಯುವ ಜವಾಬ್ದಾರಿ ಯಾರದು ಅಂತ ಒಬ್ಬರ ಹೆಸರು ಗೊತ್ತು ಮಾಡಿಕೊಳ್ಳಿ. ಯಾರೂ ಒಪ್ಪದಿದ್ದರೆ ಮೊದಲ ತಿಂಗಳು ನೀವೇ ಬರೆಯಿರಿ.