ಹಾಜರಿಯ ಲೆಕ್ಕ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಶಿಕ್ಷಣ ಸಂಘದ ಸಭೆಯಲ್ಲಿ ಆಟದ ಮಾತು ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ನಾನು ಬಹಳ ವರ್ಷ ಶಾಲೆಯಲ್ಲಿ ಹಾಜರಿ ಕರೆದವನು. ಬೆಳಿಗ್ಗೆ ಎದ್ದರೆ ಅದೇ ಕೆಲಸ. ಹೆಸರು ಕರೆಯುವುದು, ಬಂದವರಿಗೆ ಒಂದು ಗುರುತು, ಬಾರದವರಿಗೆ ಇನ್ನೊಂದು ಗುರುತು. ಆಟಗಾರರ ದಾಖಲೆ ಪುಸ್ತಕವೂ ಒಂದು ರೀತಿಯ ಹಾಜರಿ ಪುಸ್ತಕವೇ. ಯಾರು ಎಷ್ಟು ಪಂದ್ಯಕ್ಕೆ ಬಂದರು, ಎಷ್ಟು ವರ್ಷ ಬಂದರು ಎಂಬುದು ಅದರಲ್ಲಿ ಇರುತ್ತದೆ. ಇವತ್ತು ನಾನು ಆ ಪುಸ್ತಕದಿಂದ ಕೆಲವು ಹೆಣ್ಣುಮಕ್ಕಳ ಹಾಜರಿಯನ್ನು ತಮ್ಮ ಮುಂದೆ ಓದಿ ಹೇಳಬೇಕೆಂದಿದ್ದೇನೆ.

ಮೊದಲು ನಮ್ಮ ರಾಜ್ಯದ್ದೇ ಎರಡು ಅಂಕಿಗಳು. ರಾಹುಲ್ ದ್ರಾವಿಡ್ ಅವರ ಹೆಸರು ಕೇಳದ ಮಗು ಇಲ್ಲಿ ಯಾವುದೂ ಇಲ್ಲ. ಬೆಂಗಳೂರಿನವರು. 1996ರಿಂದ 2012ರವರೆಗೆ, ಸುಮಾರು ಹದಿನಾರು ವರ್ಷಗಳಲ್ಲಿ, ಅವರು 164 ಟೆಸ್ಟ್ ಪಂದ್ಯ ಆಡಿದರು. ಅವರಿಗಿಂತ ಇಪ್ಪತ್ತು ವರ್ಷ ಮೊದಲೇ ಅದೇ ಬೆಂಗಳೂರಿನಿಂದ ಇನ್ನೊಬ್ಬರು ಭಾರತ ತಂಡದ ನಾಯಕಿಯಾಗಿದ್ದರು. ಅವರು ಶಾಂತಾ ರಂಗಸ್ವಾಮಿ. ಭಾರತದ ಮಹಿಳಾ ತಂಡ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದ್ದು 1976ರ ಅಕ್ಟೋಬರ್ 31ರಂದು, ಬೆಂಗಳೂರಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ಮುಂದಿನ ತಿಂಗಳು ಪಾಟ್ನಾದಲ್ಲಿ ಮೊದಲ ಗೆಲುವು ಬಂತು. 1977ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 108 ರನ್ ಹೊಡೆದು, ಟೆಸ್ಟ್ ಶತಕ ಬಾರಿಸಿದ ಮೊದಲ ಭಾರತೀಯ ಮಹಿಳೆ ಎನಿಸಿಕೊಂಡರು. 1991ರವರೆಗೆ, ಅಂದರೆ ಹದಿನಾಲ್ಕು ಹದಿನೈದು ವರ್ಷ ಆಡಿದರು. ಅವರ ಒಟ್ಟು ಟೆಸ್ಟ್ ಎಷ್ಟು ಗೊತ್ತೇ? 16.

ಒಬ್ಬರದು 164, ಇನ್ನೊಬ್ಬರದು 16. ಇಬ್ಬರೂ ಹೆಚ್ಚುಕಡಿಮೆ ಅಷ್ಟೇ ವರ್ಷ ಆಡಿದವರು. ಶಾಂತಾ ಅವರು ಗೈರುಹಾಜರಾದರು ಎಂದು ಇದರ ಅರ್ಥವಲ್ಲ. ಹಾಜರಿ ಕರೆಯುವವರೇ ಇರಲಿಲ್ಲ ಎಂದು ಅರ್ಥ. ಪಂದ್ಯವನ್ನೇ ಏರ್ಪಡಿಸದಿದ್ದರೆ ಆಟಗಾರ್ತಿ ಎಲ್ಲಿಗೆ ಬರಬೇಕು? 1977ರ ನಂತರ ಭಾರತದ ಮಹಿಳೆಯರಿಗೆ ಮತ್ತೊಂದು ಟೆಸ್ಟ್ ಸಿಕ್ಕಿದ್ದು 1984ರಲ್ಲಿ. ಇದು ಹಳೆಯ ಕಾಲದ ಮಾತು ಎನ್ನಬೇಡಿ. 2014ರ ನವೆಂಬರಿನಲ್ಲಿ ನಮ್ಮ ಮೈಸೂರಿನಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಭಾರತದ ವನಿತೆಯರು ಟೆಸ್ಟ್ ಗೆದ್ದರು. ಅದಾದ ಮೇಲೆ ಅವರಿಗೆ ಮುಂದಿನ ಟೆಸ್ಟ್ ಸಿಕ್ಕಿದ್ದು 2021ರ ಜೂನಿನಲ್ಲಿ. ನಡುವೆ ಆರೂವರೆ ವರ್ಷ ಖಾಲಿ! ಹತ್ತೊಂಬತ್ತು ವರ್ಷದ ಟೆಸ್ಟ್ ಬಾಳಿನಲ್ಲಿ ಮಿಥಾಲಿ ರಾಜ್ ಅವರಿಗೆ ದೊರೆತದ್ದು 12 ಟೆಸ್ಟ್ ಮಾತ್ರ.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಆಸ್ಟ್ರೇಲಿಯಾದಲ್ಲಿ ಅವರದೇ ಒಂದು ಫುಟ್‌ಬಾಲ್ ಇದೆ. ಮೊಟ್ಟೆಯಾಕಾರದ ಚೆಂಡು, ಕೈಯಿಂದಲೂ ಕಾಲಿಂದಲೂ ಆಡುತ್ತಾರೆ. ಅಲ್ಲಿನ ಗಂಡಸರ ಲೀಗಿನಲ್ಲಿ 400ಕ್ಕಿಂತ ಹೆಚ್ಚು ಪಂದ್ಯ ಆಡಿದವರಿದ್ದಾರೆ. ಹೆಂಗಸರಿಗಾಗಿ ರಾಷ್ಟ್ರಮಟ್ಟದ ಲೀಗ್ ಶುರುವಾದದ್ದು 2017ರಲ್ಲಿ. ಆ ವರ್ಷ ಎಂಟು ತಂಡಗಳು, ಒಂದೊಂದು ತಂಡಕ್ಕೆ ಏಳೇ ಪಂದ್ಯ, ಕೊನೆಗೊಂದು ಫೈನಲ್. ಮಕ್ಕಳೇ, ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಏಳು ಪಂದ್ಯವಾದರೆ ನೂರು ಪಂದ್ಯ ತಲುಪಲು ಹದಿನಾಲ್ಕು ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಇಪ್ಪತ್ತರ ಹುಡುಗಿಗೆ ಮೂವತ್ತನಾಲ್ಕು ದಾಟಿರುತ್ತದೆ. ಆಮೇಲೆ ಅಲ್ಲಿಯೂ ಪಂದ್ಯಗಳನ್ನು ಹೆಚ್ಚಿಸಿದರು. ಹೆಚ್ಚಿಸಿದ ಮೇಲೆ ದಾಖಲೆಗಳೂ ಬೆಳೆಯತೊಡಗಿದವು. ಆದ್ದರಿಂದ ದಾಖಲೆಯಲ್ಲಿ ಆಟಗಾರ್ತಿಯ ಶಕ್ತಿಯ ಜೊತೆಗೆ ಅವಕಾಶ ಕೊಟ್ಟವರ ಮನಸ್ಸೂ ಅಡಗಿರುತ್ತದೆ ಎಂಬುದನ್ನು ತಾವು ಗಮನಿಸಬೇಕು.

ಈಗ ದೀರ್ಘಕಾಲ ಉಳಿದವರು ಹೇಗೆ ಉಳಿದರು ಎಂಬುದನ್ನು ನೋಡೋಣ.

ಮಿಥಾಲಿ ರಾಜ್ 1999ರ ಜೂನಿನಲ್ಲಿ ಮೊದಲ ಏಕದಿನ ಪಂದ್ಯದಲ್ಲೇ ಔಟಾಗದೆ 114 ರನ್ ಮಾಡಿದರು. ಆಗ ಅವರಿಗೆ ಹದಿನಾರು ವರ್ಷ. 2022ರಲ್ಲಿ ನಿವೃತ್ತರಾಗುವಾಗ 232 ಏಕದಿನ ಪಂದ್ಯ, 7,805 ರನ್ ಅವರ ಹೆಸರಿನಲ್ಲಿದ್ದವು. ಆರು ವಿಶ್ವಕಪ್ ಆಡಿದ್ದರು. ಬಂಗಾಳದ ಝೂಲನ್ ಗೋಸ್ವಾಮಿ ಚಾಕ್ದಹ ಎಂಬ ಸಣ್ಣ ಊರಿನವರು. ನಸುಕಿನಲ್ಲಿ ರೈಲು ಹತ್ತಿ ಕೋಲ್ಕತ್ತಕ್ಕೆ ಹೋಗಿ ಕಲಿತವರು. 2002ರಿಂದ 2022ರವರೆಗೆ 204 ಏಕದಿನ ಪಂದ್ಯ ಆಡಿ 255 ವಿಕೆಟ್ ಪಡೆದರು. ವೇಗವಾಗಿ ಬೌಲ್ ಮಾಡುವವರ ಮೈ ಬೇಗ ಸವೆಯುತ್ತದೆ. ಅಂಥದ್ದರಲ್ಲಿ ಇಪ್ಪತ್ತು ವರ್ಷ!

ನಮ್ಮ ರಾಜ್ಯದ ಪರವಾಗಿ ಆಡಿದ ನೂಶಿನ್ ಅಲ್ ಖದೀರ್ ಅವರ ಹೆಸರನ್ನು ಇಲ್ಲಿರುವ ಹೆಣ್ಣುಮಕ್ಕಳು ವಿಶೇಷವಾಗಿ ನೆನಪಿಡಬೇಕು. ಆಫ್ ಸ್ಪಿನ್ ಬೌಲರ್. 2002ರಿಂದ 2012ರವರೆಗೆ ಭಾರತಕ್ಕಾಗಿ 78 ಏಕದಿನ ಪಂದ್ಯ ಆಡಿ ಸರಿಯಾಗಿ 100 ವಿಕೆಟ್ ತೆಗೆದರು. ಅವರ ಹಾಜರಿ ಅಲ್ಲಿಗೆ ಮುಗಿಯಲಿಲ್ಲ. ತಾನು ಆಡಿ ಕಲಿತದ್ದನ್ನು ಚಿಕ್ಕವರಿಗೆ ಕಲಿಸಲು ನಿಂತರು. 2023ರ ಜನವರಿಯಲ್ಲಿ ಹತ್ತೊಂಬತ್ತು ವರ್ಷದೊಳಗಿನ ಹುಡುಗಿಯರ ಮೊದಲ ವಿಶ್ವಕಪ್ಪನ್ನು ಭಾರತ ಗೆದ್ದಾಗ ತರಬೇತುದಾರರು ಇವರೇ. 2025ರ ಫೆಬ್ರವರಿಯಲ್ಲಿ ಕೌಲಾಲಂಪುರದಲ್ಲಿ ಅದೇ ಕಪ್ಪನ್ನು ಎರಡನೆಯ ಬಾರಿ ಗೆದ್ದಾಗಲೂ ಇವರೇ. ಕಲಿತವರು ಕಲಿಸುವವರಾದಾಗಲೇ ವಿದ್ಯೆ ಪೂರ್ಣವಾಗುವುದು ಎಂದು ನಾವು ಮಾಸ್ತರರು ಹೇಳುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮಿಥಾಲಿ, ನೂಶಿನ್ ಇಬ್ಬರೂ ರೈಲ್ವೆ ತಂಡಕ್ಕೆ ಆಡಿದವರು. ನಮ್ಮ ನೆರೆಯ ವಿಜಯಪುರದ ರಾಜೇಶ್ವರಿ ಗಾಯಕವಾಡ ಕೂಡ ಹಾಗೆಯೇ. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತು ಆ ತಂಡವನ್ನು 79ಕ್ಕೆ ಉರುಳಿಸಿದ ಹುಡುಗಿ. ಇವರೆಲ್ಲ ರೈಲ್ವೆಗೆ ಏಕೆ ಹೋದರು? ಆಟದಿಂದ ಹೊಟ್ಟೆ ತುಂಬುತ್ತಿರಲಿಲ್ಲ. 2005ರಲ್ಲಿ ಭಾರತದ ವನಿತೆಯರು ವಿಶ್ವಕಪ್ ಫೈನಲ್ ತಲುಪಿದಾಗ ಪಂದ್ಯಕ್ಕೆ ಒಂದು ಸಾವಿರ ರೂಪಾಯಿ ಸಿಕ್ಕಿತ್ತು ಎಂದು ಮಿಥಾಲಿ ಅವರೇ ಹೇಳಿದ್ದಾರೆ. ರೈಲ್ವೆ ನೌಕರಿ ಕೊಟ್ಟಿತು, ತಿಂಗಳ ಸಂಬಳ ಕೊಟ್ಟಿತು. ಸಂಬಳ ತರುವ ಮಗಳಿಗೆ ಮನೆಯಲ್ಲಿ ಆಟ ಬಿಡು ಎನ್ನುವವರು ಕಡಿಮೆ. ಗಂಡು ಹೆಣ್ಣು ಇಬ್ಬರಿಗೂ ಸಮಾನ ಪಂದ್ಯ ಶುಲ್ಕ ಎಂದು ಕ್ರಿಕೆಟ್ ಮಂಡಳಿ ನಿರ್ಧರಿಸಿದ್ದು 2022ರ ಅಕ್ಟೋಬರಿನಲ್ಲಿ. 2025ರ ನವೆಂಬರ್ 2ರಂದು ನಮ್ಮ ವನಿತೆಯರು ಏಕದಿನ ವಿಶ್ವಕಪ್ಪನ್ನೇ ಗೆದ್ದರು. ಶಾಂತಾ ಅವರ 16 ಟೆಸ್ಟ್‌ನಿಂದ ಅಲ್ಲಿಯವರೆಗೆ ಬರಲು ಐವತ್ತು ವರ್ಷ ಹಿಡಿಯಿತು.

ಪಾಲಕರು ಇನ್ನೊಂದು ವಿಷಯ ಗಮನಿಸಬೇಕು. ರೈಲ್ವೆಯ ಕ್ರೀಡಾ ಕೋಟಾದಲ್ಲಿ ನೌಕರಿ ಬೇಕೆಂದರೆ ಆಟದ ಪ್ರಮಾಣಪತ್ರದ ಜೊತೆಗೆ ಕನಿಷ್ಠ ಹತ್ತನೆಯ ತರಗತಿ ಪಾಸಾದ ಅಂಕಪಟ್ಟಿಯೂ ಬೇಕು. ಆಟ ಓದನ್ನು ಕೆಡಿಸುತ್ತದೆ ಎನ್ನುವವರಿಗೆ ನನ್ನ ಉತ್ತರ ಇದೇ. ಎರಡೂ ಕೂಡಿದರೇ ಬಾಗಿಲು ತೆರೆಯುವುದು. ಯಾದಗಿರಿ ಸ್ಟೇಷನ್ನಿನಲ್ಲಿ ದಿನವೂ ರೈಲು ನೋಡುವ ನಮ್ಮ ಮಕ್ಕಳು ಆ ರೈಲ್ವೆಯ ತಂಡದಲ್ಲಿ ಏಕೆ ಇರಬಾರದು?

ಇನ್ನು ನಮ್ಮ ಹಾಜರಿ ಪುಸ್ತಕಕ್ಕೆ ಬರುತ್ತೇನೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ನೂರಕ್ಕೆ 41ರಷ್ಟು. ಸಾಕ್ಷರತೆಯಲ್ಲಿ ಇಡೀ ರಾಜ್ಯದಲ್ಲೇ ನಮ್ಮ ಜಿಲ್ಲೆ ಕೊನೆಯದು. ಆ ಅಂಕಿ ಹೇಗೆ ಹುಟ್ಟುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಶಹಾಪುರ ಕಡೆಯ ಒಂದು ಊರಿನಲ್ಲಿ ನಾನು ಇದ್ದಾಗ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಖೋ ಖೋದಲ್ಲಿ ಅವಳನ್ನು ಮುಟ್ಟುವವರೇ ಇರಲಿಲ್ಲ. ಅವಳಿಂದಾಗಿ ನಮ್ಮ ಶಾಲೆ ಹೋಬಳಿಯಲ್ಲಿ ಗೆದ್ದಿತು. ತಾಲ್ಲೂಕು ಆಟದ ದಿನ ಅವಳು ಬರಲಿಲ್ಲ. ಹೆಸರುಕಾಯಿ ಬಿಡಿಸುವ ದಿನಗಳು. ತಾಯಿ ಹೊಲಕ್ಕೆ ಹೋದರೆ ಕೈಗೂಸನ್ನು ನೋಡುವವರು ಯಾರು? ನಾನು ಮನೆಗೆ ಹೋದೆ. ‘ಸುಗ್ಗಿ ಮುಗಿಯಲಿ ಸರ್, ಕಳಿಸ್ತೀವಿ’ ಎಂದರು. ಹೆಸರು ಮುಗಿಯಿತು, ಹತ್ತಿ ಬಂತು. ಹತ್ತಿ ಮುಗಿಯುವಷ್ಟರಲ್ಲಿ ಮನೆಯವರೆಲ್ಲ ದುಡಿಯಲು ಬೆಂಗಳೂರಿಗೆ ಹೋದರು. ಅವಳ ಹೆಸರಿನ ಮುಂದೆ ನಾನು ಗೈರು ಗುರುತು ಹಾಕುತ್ತಾ ಹೋದೆ, ವರ್ಷದ ಕೊನೆಗೆ ಹೆಸರನ್ನೇ ಬಿಟ್ಟೆ. ನಾನು ಅವರ ಮನೆಗೆ ಹೋದದ್ದು ಒಂದೇ ಸಲ. ಎರಡನೆಯ ಸಲ ಹೋಗಲಿಲ್ಲ. ಹೋಗಿದ್ದರೆ ಬರುತ್ತಿದ್ದಳೋ ಇಲ್ಲವೋ ಹೇಳಲಾರೆ. ಹೋಗಬೇಕಾಗಿತ್ತು ಎಂಬುದಂತೂ ನಿಜ.

ಆದ್ದರಿಂದ ಸಂಘದ ಮುಂದೆ ಕೆಲವು ವಿನಂತಿಗಳು. ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಕಡೆಯ ಸದಸ್ಯರು ತಮ್ಮ ತಮ್ಮ ಓಣಿಯ ಹೆಣ್ಣುಮಕ್ಕಳದೊಂದು ಹಾಜರಿ ಪುಸ್ತಕ ಇಡಲಿ. ಏಳನೆಯ ತರಗತಿಯಿಂದ ಹತ್ತನೆಯವರೆಗೆ ಯಾರು ಶಾಲೆ ಬಿಟ್ಟರು ಎಂಬುದು ಒಂದು ವಾರದೊಳಗೆ ಗೊತ್ತಾಗಲಿ. ಒಂದು ಸಲವಲ್ಲ, ನಾಲ್ಕು ಸಲ ಆ ಮನೆಗೆ ಹೋಗೋಣ. ಬಿಟ್ಟವರಿಗೂ ಬಾಗಿಲು ಮುಚ್ಚಿಲ್ಲ, ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯಬಹುದು. ವರ್ಷಕ್ಕೊಮ್ಮೆಯಾದರೂ ಯಾದಗಿರಿ, ಶಹಾಪುರ, ಸುರಪುರದ ಹುಡುಗಿಯರಿಗಾಗಿ ಖೋ ಖೋ, ಕಬಡ್ಡಿ, ಓಟ ಏರ್ಪಡಿಸೋಣ. ಜೊತೆಯಲ್ಲಿ ಒಬ್ಬ ಶಿಕ್ಷಕಿ, ಬಟ್ಟೆ ಬದಲಿಸಲು ಮರೆ, ಶೌಚಾಲಯ, ಹೊತ್ತಿಗೆ ಸರಿಯಾಗಿ ಮನೆಗೆ ಮುಟ್ಟಿಸುವ ಗಾಡಿ ಇದ್ದರೆ ಎಷ್ಟೋ ತಂದೆತಾಯಿ ಕಳಿಸಲು ಸಿದ್ಧರಿದ್ದಾರೆ.

ತಾಯಂದಿರಿಗೆ ಒಂದು ಮಾತು. ಆಟವಾಗಲಿ ಓದಾಗಲಿ, ಬಹಳ ಕಾಲ ನಡೆಯಬೇಕೆಂದರೆ ಮೈಯಲ್ಲಿ ರಕ್ತ ಇರಬೇಕು. ಮಗನಿಗೆ ಮೊದಲು, ಮಗಳಿಗೆ ಉಳಿದದ್ದು ಎನ್ನಬೇಡಿ. ರೊಟ್ಟಿಯ ಜೊತೆ ಬೇಳೆ, ಪುಂಡಿಪಲ್ಯ, ಶೇಂಗಾ, ತತ್ತಿ ಅವಳ ತಾಟಿಗೂ ಬೀಳಲಿ. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಅವಳು ನುಂಗಿದಳೋ ಇಲ್ಲವೋ ಕೇಳಿ. ಗಾಯವಾದರೆ ವಿಶ್ರಾಂತಿ ಕೊಡಿ. ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ್ 2024ರ ಮಹಿಳಾ ಪ್ರೀಮಿಯರ್ ಲೀಗಿನಲ್ಲಿ 13 ವಿಕೆಟ್ ಪಡೆದು ಎಲ್ಲರಿಗಿಂತ ಮೇಲಿದ್ದರು. ಮರುವರ್ಷ ಗಾಯದಿಂದ ಆ ಲೀಗನ್ನು ಆಡಲಾಗಲಿಲ್ಲ. ಒಂದು ವರ್ಷ ತಪ್ಪಿದರೆ ಬಾಳು ಮುಗಿಯಲಿಲ್ಲ. ಈ ಮಾತು ಪರೀಕ್ಷೆಯಲ್ಲಿ ಫೇಲಾದ ಮಕ್ಕಳಿಗೂ ಅನ್ವಯಿಸುತ್ತದೆ.

ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಎಲ್ಲರೂ ಮಿಥಾಲಿ, ನೂಶಿನ್ ಆಗಬೇಕೆಂದಿಲ್ಲ. ನಾಳೆ ಬೆಳಿಗ್ಗೆ ಹೆಸರು ಕರೆದಾಗ ‘ಹಾಜರ್ ಸರ್’ ಎನ್ನಿ. ನಾಡಿದ್ದೂ ಎನ್ನಿ. 232 ಪಂದ್ಯಗಳ ದಾಖಲೆಯೂ ಹೀಗೆ ಒಂದೊಂದಾಗಿಯೇ ಕೂಡಿದ್ದು. ಕರೆಯುವ ಕೆಲಸವನ್ನು ಬಿಡದೆ ಮಾಡುವ ಜವಾಬ್ದಾರಿ ನಮ್ಮಂಥ ಹಿರಿಯರದು.