ಪರೀಕ್ಷೆಗೆ ಮುಂಚಿನ 50 ಅಂಕ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳ ಮನೆಯವರು ನನ್ನನ್ನು ಕೇಳುವುದು ಒಂದೇ ಮಾತು: "ಸರ್, ಪರೀಕ್ಷೆ ಯಾವಾಗ?" ಆದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ ಥಿಯರಿ ವಿಷಯದ 100 ಅಂಕದಲ್ಲಿ 50 ಪರೀಕ್ಷೆಗೆ ಮೊದಲೇ ಕಾಲೇಜಿನಲ್ಲಿ ತೀರ್ಮಾನವಾಗುತ್ತದೆ. ಅದರಲ್ಲಿ 20 ಬಾರದಿದ್ದರೆ ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ. ಪರೀಕ್ಷೆಯ 50ರಲ್ಲಿ 18 ಬೇಕು. ಇಲ್ಲೊಂದು ಸೂಕ್ಷ್ಮವಿದೆ. 20ಕ್ಕೆ 18 ಸೇರಿಸಿದರೆ 38. ಪಾಸಾಗಲು ಒಟ್ಟು 40 ಬೇಕು. ಎರಡೂ ಕಡೆ ಗಡಿ ದಾಟಿದ ಹುಡುಗನೂ ಫೇಲ್!

ಆಪರೇಟಿಂಗ್ ಸಿಸ್ಟಮ್ಸ್‌ನಂತಹ ವಿಷಯದಲ್ಲಿ ಕಾಲೇಜಿನ 50ರಲ್ಲಿ 25 ಅಂಕ ಲ್ಯಾಬಿನದು. ವಾರವಾರ ಪ್ರೋಗ್ರಾಂ ಬರೆದು, ಓಡಿಸಿ ತೋರಿಸಿ, ರೆಕಾರ್ಡ್ ಒಪ್ಪಿಸಬೇಕು. ಕೊನೆಯ ತಿಂಗಳು ರಾತ್ರಿಯೆಲ್ಲ ಓದಿದರೂ ಹೋದ ಅಂಕ ವಾಪಸ್ ಬರುವುದಿಲ್ಲ.

ನನ್ನ ತರಗತಿಯ ಒಬ್ಬ ಹುಡುಗ ಫೀಸಿನ ಬಾಕಿ ತೀರಿಸಲು ಮಧ್ಯಾಹ್ನ ಅಂಗಡಿಯಲ್ಲಿ ನಿಲ್ಲುತ್ತಿದ್ದ. ಲ್ಯಾಬ್ ಇದ್ದದ್ದೂ ಮಧ್ಯಾಹ್ನವೇ. ಜಾಣ ಹುಡುಗ, ಆದರೂ ಪರೀಕ್ಷೆಗೆ ಕೂರಲಾಗಲಿಲ್ಲ. ನೆರವಿನ ಚೆಕ್ ಅವನ ಕೈಸೇರಿದ್ದು ಸೆಮಿಸ್ಟರ್ ಮುಗಿಯುವ ಹೊತ್ತಿಗೆ.

ದಾನಿಗಳಲ್ಲಿ ನನ್ನ ಕೋರಿಕೆ: ಫಲಿತಾಂಶ ನೋಡಿ ಕೊಡುವ ಹಣದಲ್ಲಿ ಒಂದು ಪಾಲನ್ನಾದರೂ ಸೆಮಿಸ್ಟರ್ ಶುರುವಾಗುವಾಗಲೇ ಕೊಡಿ. ರಂಜಾನಿನಲ್ಲಿ ಕೊಡುವವರು ಬಹಳ. ಕಾಲೇಜು ತೆರೆಯುವುದು ರಂಜಾನ್ ನೋಡಿಕೊಂಡಲ್ಲ.

ಪಾಲಕರೇ, ಲ್ಯಾಬ್ ಇರುವ ದಿನ ಮಕ್ಕಳನ್ನು ಮದುವೆ ಮನೆಗೆ ಕರೆಯಬೇಡಿ. ಮೊದಲ ಟೆಸ್ಟಿನ ಅಂಕ ಎಷ್ಟೆಂದು ಅದೇ ವಾರ ಕೇಳಿ.