ಕಾವಿಗೆ ಮುಂಚಿನ ಮೇವು

ಮೊಟ್ಟೆಯೊಳಗಿನ ಮರಿಗೆ ಹೊರಗಿನಿಂದ ಊಟ ಸಿಗುವುದಿಲ್ಲ. 21 ದಿನವೂ ತಾಯಿ ಕಟ್ಟಿಕೊಟ್ಟ ಬುತ್ತಿಯೇ ಗತಿ.

ಹೇಂಟೆಗೆ ಬರೀ ಜೋಳ, ನುಚ್ಚು ಹಾಕಿದರೂ ಅದು ಮೊಟ್ಟೆ ಇಡುತ್ತದೆ. ಮೊಟ್ಟೆ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಮೇವಿನಲ್ಲಿ ಬಿ2 ಜೀವಸತ್ವ ಕಡಿಮೆಯಾದರೆ ಎಷ್ಟೋ ಮರಿಗಳು ಚಿಪ್ಪಿನೊಳಗೇ ಸಾಯುತ್ತವೆ. ಹೊರಬಂದ ಕೆಲವಕ್ಕೆ ಕಾಲ್ಬೆರಳು ಒಳಕ್ಕೆ ಮುರುಟುತ್ತದೆ. ಆಗ ಬೈಗುಳ ಕಾವಿನ ಯಂತ್ರಕ್ಕೆ!

ಹಸಿರು ಸೊಪ್ಪು, ಒಣಮೀನಿನ ಪುಡಿ, ಚಿಪ್ಪು ಗಟ್ಟಿಯಾಗಲು ಕಪ್ಪೆಚಿಪ್ಪಿನ ಪುಡಿ, ಇವು ಮೇವಿನಲ್ಲಿ ಇರಬೇಕು. ಅದೂ ಮೊಟ್ಟೆ ಆರಿಸುವ ದಿನಕ್ಕಲ್ಲ, ವಾರಗಳ ಮೊದಲೇ. ಹುಂಜಕ್ಕೂ ಅಷ್ಟೇ ಗಮನ ಬೇಕು.

ಮೇವಿನ ನಂತರದ ಮಾತು ಕಾವಿನದು. ಕಾವಿಗೆ ಕೂತ ನಾಟಿ ಹೇಂಟೆಯನ್ನು ನೋಡಿದವರಿಗೆ ಗೊತ್ತು. ಅದು ಕೊಕ್ಕನ್ನು ಮೊಟ್ಟೆಯಾಚೆ ಚಾಚಿ, ಮೆಲ್ಲಗೆ ತನ್ನತ್ತ ಹೊರಳಿಸಿಕೊಳ್ಳುತ್ತದೆ. ಹೊರಳಿಸದಿದ್ದರೆ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ. ಹೀಗೆ ಹೊರಳಿಸುವುದನ್ನು ಹೇಂಟೆಗೆ ಯಾರೂ ಕಲಿಸಿಲ್ಲ.

ಬೆಂಗಳೂರಿನಲ್ಲಿ ರೂಪುಗೊಂಡ ಗಿರಿರಾಜ ತಳಿ ಕಾವಿಗೆ ಕೂರುವುದು ಅಪರೂಪ. ಅಂಥ ಕೋಳಿಗಳ ಮೊಟ್ಟೆಗೆ ನಾಟಿ ಹೇಂಟೆಯ ಮಡಿಲು ಬೇಕು, ಇಲ್ಲವೇ ಯಂತ್ರ. ಗಾಳಿಯಾಡಿಸುವ ಯಂತ್ರದಲ್ಲಿ ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಶಾಖ ಇರಬೇಕು. ತಟ್ಟೆಯಲ್ಲಿ ನೀರಿರಬೇಕು. 18ನೇ ದಿನದವರೆಗೆ ಮೊಟ್ಟೆ ಹೊರಳಬೇಕು, ಆಮೇಲೆ ಮುಟ್ಟಬಾರದು. ಮರಿ ಚಿಪ್ಪು ಒಡೆಯುವಾಗ ಮುಚ್ಚಳ ತೆರೆದು ಇಣುಕುವ ಆಸೆ ಸಹಜ. ಆದರೆ ಒಳಗಿನ ತೇವ ಆರಿದರೆ ಪೊರೆ ಬಿಗಿದು ಮರಿ ಸಿಕ್ಕಿಕೊಳ್ಳುತ್ತದೆ.

ಮುಂದಿನ ಸಲ ಮರಿ ಮಾಡಿಸುವ ಯೋಚನೆ ಇರುವವರು ಯಂತ್ರದ ಬೆಲೆ ವಿಚಾರಿಸುವ ಮೊದಲು ಕೋಳಿಯ ಮೇವಿನ ಬಟ್ಟಲನ್ನೊಮ್ಮೆ ನೋಡಿ.